ಷಿಕಾಗೊದಿಂದ ಕ್ಯಾಲಿಫೋರ್ನಿಯಾಕ್ಕೆ ರೈಲಿನಲ್ಲಿ: ಸ್ಟೀವನ್‌ಸನ್ ಹೋದ ಹಳಿಯ ಜಾಡಿನಲ್ಲಿ

1879ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಬರಹಗಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ನ್ಯೂಯಾರ್ಕ್‌ನಲ್ಲಿ ಹಡಗಿಳಿದು, ವಲಸಿಗರ ಅಗ್ಗದ ರೈಲು ಹತ್ತಿ ಕ್ಯಾಲಿಫೋರ್ನಿಯಾ ಸೇರಿದ. ವಯಸ್ಸು 28, ಮೈಯಲ್ಲಿ ಕಾಯಿಲೆ, ಕಿಸೆಯಲ್ಲಿ ಕಾಸಿಲ್ಲ. ತಾನು ಮದುವೆಯಾಗಬೇಕೆಂದಿದ್ದ ಫ್ಯಾನಿ ಅಲ್ಲಿದ್ದಳು, ಅದಕ್ಕೇ ಆ ಪ್ರಯಾಣ. ಷಿಕಾಗೊದಿಂದ ಮುಂದಕ್ಕೆ ಆತ ಹೋದ ದಾರಿಯ ಒಂದಷ್ಟು ಭಾಗದಲ್ಲಿ ಇವತ್ತಿಗೂ ಪ್ರಯಾಣಿಕರ ಗಾಡಿಯೊಂದು ದಿನಾ ಓಡುತ್ತದೆ. ಅದರ ಹೆಸರು ಕ್ಯಾಲಿಫೋರ್ನಿಯಾ ಜೆಫಿರ್. ಪಶ್ಚಿಮಕ್ಕೆ ಹೋಗುವಾಗ ಅದು 5ನೇ ನಂಬರಿನ ಗಾಡಿ, ವಾಪಸು ಬರುವಾಗ 6. ಒಟ್ಟು ದೂರ 2,438 ಮೈಲಿ, ಅಂದರೆ 3,924 ಕಿಲೋಮೀಟರ್. ವೇಳಾಪಟ್ಟಿಯ ಪ್ರಕಾರ ಎರಡು ಹಗಲು ಎರಡು ರಾತ್ರಿಗೆ ಸ್ವಲ್ಪ ಹೆಚ್ಚು. ಆತ ಹೋದ ತಿಂಗಳಿನಲ್ಲೇ, ಆಗಸ್ಟ್‌ನಲ್ಲೇ, ಈ ಪ್ರಯಾಣ.

ಮೊದಲ ದಿನ: ಷಿಕಾಗೊ, ಮಿಸಿಸಿಪ್ಪಿ, ಮೆಕ್ಕೆಜೋಳ

ಷಿಕಾಗೊದ ಯೂನಿಯನ್ ಸ್ಟೇಷನ್ 1925ರಲ್ಲಿ ಶುರುವಾದದ್ದು. ಅದರ ದೊಡ್ಡ ಹಜಾರದಲ್ಲಿ ಉದ್ದುದ್ದ ಮರದ ಬೆಂಚುಗಳು, ಮೇಲೆ ಕಮಾನಿನ ಗಾಜಿನ ಸೂರು. ಮೊದಲೇ ಪ್ಲಾಟ್‌ಫಾರ್ಮಿಗೆ ಹೋಗಿ ಬೋಗಿ ಎಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕಿ ಕಾಯುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಗೇಟು ತೆಗೆದು ಕರೆದಾಗಲೇ ಇಳಿಯಬೇಕು. ಮಲಗುವ ಕೋಣೆಯವರು ಒಂದು ಕಡೆ, ಕೂರುವ ಸೀಟಿನವರು ಇನ್ನೊಂದು ಕಡೆ. ದೊಡ್ಡ ಪೆಟ್ಟಿಗೆಗಳನ್ನು ಸ್ಟೇಷನ್ನಿನಲ್ಲೇ ಲಗೇಜಿಗೆ ಕೊಟ್ಟುಬಿಡುವುದು ವಾಸಿ. ಬೋಗಿಗಳು ಎರಡಂತಸ್ತಿನವು, ಮೇಲಕ್ಕೆ ಹತ್ತುವ ಮೆಟ್ಟಿಲು ತೀರಾ ಇಕ್ಕಟ್ಟು, ಮಧ್ಯದಲ್ಲೇ ತಿರುಗುತ್ತದೆ. ದೊಡ್ಡ ಪೆಟ್ಟಿಗೆ ಅಲ್ಲಿ ಸಿಕ್ಕಿಕೊಂಡರೆ ಹಿಂದಿನವರೆಲ್ಲ ನಿಲ್ಲಬೇಕು.

ಮಲಗುವ ಬೋಗಿಯ ಅತಿ ಚಿಕ್ಕ ಕೋಣೆ ಮೂರೂವರೆ ಅಡಿ ಅಗಲ, ಆರೂವರೆ ಅಡಿ ಉದ್ದ. ಎದುರುಬದುರು ಎರಡು ಸೀಟು. ರಾತ್ರಿ ಅವೆರಡನ್ನೂ ಎಳೆದು ಜೋಡಿಸಿದರೆ ಕೆಳಗಿನ ಹಾಸಿಗೆ, ಸೂರಿನಿಂದ ಇಳಿಬಿಟ್ಟರೆ ಮೇಲಿನ ಬರ್ತ್. ಮೇಲಿನವರು ಉರುಳದಂತೆ ಪಟ್ಟಿಯ ಬಲೆ ಇರುತ್ತದೆ, ಅದನ್ನು ಕೊಕ್ಕೆಗೆ ಸಿಕ್ಕಿಸಿಯೇ ಮಲಗಬೇಕು. ಊಟ ಈ ಟಿಕೆಟ್ಟಿನಲ್ಲೇ ಸೇರಿದೆ, ಸ್ನಾನದ ಕೋಣೆ ಕೆಳಗಿನ ಅಂತಸ್ತಿನಲ್ಲಿದೆ. ಕೂರುವ ಬೋಗಿಯ ಸೀಟುಗಳೂ ಹಿಂದಕ್ಕೆ ಚೆನ್ನಾಗಿಯೇ ಒರಗುತ್ತವೆ, ಕಾಲು ಚಾಚಲು ಜಾಗ ಧಾರಾಳ. ಆದರೆ ಹೊದೆಯಲು ಏನೂ ಕೊಡುವುದಿಲ್ಲ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಎ.ಸಿ. ರಾತ್ರಿಯಿಡೀ ಕೊರೆಯುತ್ತದೆ. ಒಂದು ದಪ್ಪ ಶಾಲು, ಕಾಲುಚೀಲ ಕೈಚೀಲದಲ್ಲೇ ಇರಲಿ. ಹಲವು ಕಡೆ ಇಳಿದು ಹತ್ತುವ ಮನಸ್ಸಿದ್ದರೆ 499 ಡಾಲರಿನ ರೈಲ್ ಪಾಸ್ ಇದೆ. 30 ದಿನದಲ್ಲಿ 10 ಪ್ರಯಾಣ, ಕೂರುವ ಬೋಗಿಗೆ ಮಾತ್ರ. ಒಮ್ಮೆ ಹತ್ತಿ ಇಳಿದರೆ ಒಂದು ಲೆಕ್ಕ, ಅದು ಐವತ್ತು ಮೈಲಿಯಾದರೂ ಸರಿ ಎರಡು ಸಾವಿರ ಮೈಲಿಯಾದರೂ ಸರಿ. ಹಾಗಾಗಿ ಚಿಕ್ಕ ದೂರಕ್ಕೆ ಅದನ್ನು ಕಳೆದುಕೊಳ್ಳಬಾರದು.

ಮಧ್ಯಾಹ್ನ ಎರಡಕ್ಕೆ ಗಾಡಿ ಹೊರಟಿತು. ಕಂಡಕ್ಟರ್ ಬಂದು ಟಿಕೆಟ್ ನೋಡಿ, ಕೂರುವ ಬೋಗಿಯಲ್ಲಿ ಪ್ರತಿ ಸೀಟಿನ ಮೇಲೆ ಒಂದು ಕಾಗದದ ಚೀಟಿ ಸಿಕ್ಕಿಸಿಹೋದರು. ಅದರ ಮೇಲೆ ಇಳಿಯುವ ಊರಿನ ಮೂರಕ್ಷರ: ಕೊನೆಯ ನಿಲ್ದಾಣ ಎಮರಿವಿಲ್‌ಗೆ ಇ-ಎಂ-ವೈ. ರಾತ್ರಿ ಎರಡು ಗಂಟೆಗೆ ಯಾರನ್ನು ಎಬ್ಬಿಸಬೇಕು, ಯಾವ ಸೀಟು ಖಾಲಿಯಾಗುತ್ತದೆ ಎಂಬುದೆಲ್ಲ ಅವರಿಗೆ ತಿಳಿಯುವುದು ಆ ಚೀಟಿಯಿಂದಲೇ. ಸೀಟು ಬದಲಾಯಿಸಿದರೆ ಚೀಟಿಯನ್ನೂ ಜೊತೆಗೆ ಒಯ್ಯಬೇಕು. ಬಿಟ್ಟು ಹೋದರೆ ಹೊಸ ಜಾಗದಲ್ಲಿ ನೀವು ಚೀಟಿಯಿಲ್ಲದವರು, ಹಳೆಯ ಜಾಗದಲ್ಲಿ ಚೀಟಿಗೆ ಆಳಿಲ್ಲ.

ಗೇಲ್ಸ್‌ಬರ್ಗ್ ದಾಟಿದ ಮೇಲೆ, ಸಂಜೆ ಐದೂಕಾಲು ಐದೂವರೆಯ ಹೊತ್ತಿಗೆ, ಬರ್ಲಿಂಗ್ಟನ್ ಹತ್ತಿರ ಮಿಸಿಸಿಪ್ಪಿ ಬಂತು. ಗಾಡಿ ಸೇತುವೆಯ ಮೇಲೆ ನಿಧಾನಿಸುತ್ತದೆ, ಎರಡೂ ಕಡೆ ನೋಡಲು ಸಮಯ ಸಿಗುತ್ತದೆ. ನೀರು ಮಣ್ಣಿನ ಬಣ್ಣದ್ದು, ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಸ್ಟೀವನ್‌ಸನ್ ಹೋದದ್ದೂ ಬರ್ಲಿಂಗ್ಟನ್ ಮೇಲೆಯೇ. ಆಚೆ ದಡದಿಂದ ಅಯೋವಾ. ಮುಂದಿನ ನಾಲ್ಕೈದು ಗಂಟೆ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಹಾವೇರಿ ದಾವಣಗೆರೆ ಕಡೆಯವರಿಗೆ ಬೆಳೆ ಹೊಸದಲ್ಲ, ಅದರ ವಿಸ್ತಾರ ಹೊಸದು. ಒಂದು ಮನೆ, ಕೆಂಪು ಬಣ್ಣದ ಕೊಟ್ಟಿಗೆ, ಆಮೇಲೆ ಮೈಲಿಗಟ್ಟಲೆ ಮನುಷ್ಯರಿಲ್ಲ. ಊರು ಹತ್ತಿರವಾಯಿತೆಂದು ಮೊದಲು ಹೇಳುವುದು ಕಾಳು ತುಂಬಿಡುವ ಎತ್ತರದ ಕಾಂಕ್ರೀಟ್ ಕಣಜಗಳು.

ಊಟದ ಬೋಗಿಯಲ್ಲಿ ನಾಲ್ಕು ಜನರ ಮೇಜು. ಒಬ್ಬರೋ ಇಬ್ಬರೋ ಹೋದರೆ ಗುರುತಿಲ್ಲದವರ ಜೊತೆ ಕೂರಿಸುತ್ತಾರೆ. ಈ ಪದ್ಧತಿಯೇ ಪ್ರಯಾಣದ ಅರ್ಧ ಸುಖ. ಅಂದು ಎದುರಿಗೆ ಕೂತದ್ದು ಒಮಾಹಾದಲ್ಲಿ ಇಳಿಯಲಿದ್ದ ವೃದ್ಧ ದಂಪತಿ. ವಿಮಾನದಲ್ಲಿ ಹೋಗಬಹುದಿತ್ತಲ್ಲ ಎಂದರೆ ಅಜ್ಜ, "ನಮ್ಮ ಹೊಲ ಈ ಹಳಿ ಪಕ್ಕದ್ದೇ. ಐವತ್ತು ವರ್ಷ ಹೊಲದಿಂದ ಗಾಡಿ ನೋಡಿದ್ದೀನಿ, ಈಗ ಗಾಡಿಯಿಂದ ಹೊಲ ನೋಡಬೇಕು" ಎಂದರು. ಅಜ್ಜಿ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಸಸ್ಯಾಹಾರಿಗಳಿಗೆ ಊಟದ ಪಟ್ಟಿಯಲ್ಲಿ ಹೊತ್ತಿಗೊಂದು ತಿಂಡಿ ಇರುತ್ತದೆ, ಎರಡನೇ ದಿನಕ್ಕೆ ಅದೇ ಮತ್ತೆ. ಅವಲಕ್ಕಿ, ಚಟ್ನಿಪುಡಿ, ಬಿಸಿನೀರಿಗೆ ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಇದ್ದರೆ ನಾಲಗೆಗೆ ನೆಮ್ಮದಿ. ಬಿಸಿನೀರನ್ನು ಕೆಫೆಯಲ್ಲಿ ಕೇಳಿ ಪಡೆಯಬಹುದು.

ರಾತ್ರಿ ಹನ್ನೊಂದರ ಸುಮಾರಿಗೆ ಒಮಾಹಾ. ಮಿಸೌರಿ ನದಿಯ ಎದುರು ದಡದಲ್ಲಿ ಕೌನ್ಸಿಲ್ ಬ್ಲಫ್ಸ್. ಅಸಲಿ ವಲಸಿಗರ ಗಾಡಿ ಶುರುವಾಗುತ್ತಿದ್ದುದು ಅಲ್ಲಿಂದ. ಬೋಗಿ ಅಂದರೆ ಉದ್ದನೆಯ ಮರದ ಪೆಟ್ಟಿಗೆ, ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಪಾಯಿಖಾನೆ, ನಡುವೆ ಬರಿಯ ಬೆಂಚುಗಳು. ಹೆಂಗಸರು ಮಕ್ಕಳು ಒಂದು ಬೋಗಿಗೆ, ಒಂಟಿ ಗಂಡಸರು ಒಂದಕ್ಕೆ, ಚೀನೀಯರು ಬೇರೊಂದಕ್ಕೆ. ಎರಡು ಬೆಂಚುಗಳ ನಡುವೆ ಹಾಕಿ ಮಲಗಲು ಒಂದು ಹಲಗೆ, ಹುಲ್ಲು ತುಂಬಿದ ಮೂರು ದಿಂಬು ಮಾರುತ್ತಿದ್ದರು. ಮೊದಲು ಎರಡೂವರೆ ಡಾಲರ್ ಎಂದವರು ಗಾಡಿ ಹೊರಡುವ ಹೊತ್ತಿಗೆ ಒಂದೂವರೆಗೆ ಇಳಿದಿದ್ದರು. ಹಲಗೆ ಹಾಕಲು ಎದುರಿನವನೂ ಒಪ್ಪಬೇಕು, ಯಾಕೆಂದರೆ ಅದರ ಮೇಲೆ ಮಲಗುವವರು ಇಬ್ಬರು. ಇಂದಿನ ಕೋಣೆಯಲ್ಲಿ ಎರಡು ಸೀಟು ಎಳೆದು ಹಾಸಿಗೆ ಮಾಡುವಾಗ ನೆನಪಾಗುವುದು ಆ ಹಲಗೆಯೇ. ಉಪಾಯ ಒಂದೇ.

ನೆಬ್ರಾಸ್ಕಾ ರಾತ್ರಿಯಲ್ಲೇ ಕಳೆದುಹೋಯಿತು. ದಿನವಿಡೀ ನೋಡಿದರೂ ಬದಲಾಗದ ಆ ಬಯಲು ಸ್ಟೀವನ್‌ಸನ್‌ನನ್ನು ಕಂಗೆಡಿಸಿತ್ತು. ಈ ಗಾಡಿಯಲ್ಲಿ ಅದನ್ನು ನೋಡಬೇಕೆಂದರೆ ಪೂರ್ವಕ್ಕೆ ಬರುವಾಗ ಗಾಡಿ ತಡವಾಗಬೇಕು, ಅಷ್ಟೆ. ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳುವುದೂ ಈ ರಾತ್ರಿಯೇ. ನೆವಾಡಾದಲ್ಲಿ ಮತ್ತೊಂದು ಗಂಟೆ.

ಎರಡನೇ ದಿನ: ಡೆನ್ವರ್‌ನಿಂದ ಸಾಲ್ಟ್ ಲೇಕ್ ಸಿಟಿ

ಇಲ್ಲಿ ದಾರಿ ಬೇರೆಯಾಗುತ್ತದೆ. ಆತನ ಗಾಡಿ ಉತ್ತರಕ್ಕೆ ವಯೋಮಿಂಗ್ ಮೇಲೆ ಹೋಯಿತು. ಇಂದಿನ ಗಾಡಿ ದಕ್ಷಿಣಕ್ಕೆ ಇಳಿದು ಡೆನ್ವರ್ ಮೇಲೆ ರಾಕಿ ಪರ್ವತ ಹತ್ತುತ್ತದೆ. 1879ರಲ್ಲಿ ಈ ಹಳಿಯೇ ಇರಲಿಲ್ಲ.

ಡೆನ್ವರ್‌ನಲ್ಲಿ ಬೆಳಗ್ಗೆ ಮುಕ್ಕಾಲು ಗಂಟೆಯಷ್ಟು ನಿಲುಗಡೆ. ಇಳಿದು ಕಾಫಿ ಕುಡಿಯಲು ಸ್ಟೇಷನ್ ಒಳಗೇ ಜಾಗವಿದೆ. ಆದರೆ ಹೊರಡುವ ಹದಿನೈದು ನಿಮಿಷ ಮೊದಲೇ ಗಾಜಿನ ಬೋಗಿಗೆ ಹೋಗಿ ಕೂತುಬಿಡಬೇಕು. ಸೂರಿನವರೆಗೂ ಬಾಗಿದ ಕಿಟಕಿ, ಹೊರಕ್ಕೆ ಮುಖ ಮಾಡಿದ ಕುರ್ಚಿಗಳು. ಅಲ್ಲಿ ಯಾರಿಗೂ ಕಾದಿರಿಸಿದ ಸೀಟಿಲ್ಲ. ಡೆನ್ವರ್‌ನಿಂದ ಹೊರಟ ಅರ್ಧ ಗಂಟೆಗೆ ನಿಲ್ಲಲೂ ಜಾಗವಿರಲಿಲ್ಲ.

ಬೆಟ್ಟದ ಬುಡದಲ್ಲೇ ಒಂದು ದೊಡ್ಡ ತಿರುವು. ಅಲ್ಲಿ ಹಳಿಯ ಪಕ್ಕ ತುಕ್ಕು ಹಿಡಿದ ಹಳೆಯ ವ್ಯಾಗನ್‌ಗಳ ಸಾಲು. ಮರಳು ತುಂಬಿ ಶಾಶ್ವತವಾಗಿ ನಿಲ್ಲಿಸಿದ್ದಾರೆ. ಬೆಟ್ಟದಿಂದ ಬೀಸುವ ಗಾಳಿ ಇಲ್ಲಿ ಖಾಲಿ ವ್ಯಾಗನ್‌ಗಳನ್ನು ಉರುಳಿಸುವಷ್ಟು ಜೋರು. ಈ ಸಾಲು ಅದಕ್ಕೆ ಗೋಡೆ. ಮುಂದೆ 1:50ರ ಏರು, ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಷ್ಟೇ. ಸುರಂಗದ ಹಿಂದೆ ಸುರಂಗ, ಇಪ್ಪತ್ತಕ್ಕೂ ಮೇಲೆ. ಘಾಟಿಯಲ್ಲಿ ಹಸಿರು ಕಿಟಕಿಯನ್ನೇ ಒರೆಸಿಕೊಂಡು ಹೋಗುತ್ತದೆ. ಇಲ್ಲಿ ಒಣ ಬಂಡೆ, ನೆಟ್ಟಗೆ ನಿಂತ ಪೈನ್ ಮರ, ಕೆಳಗೆ ಹಿಂದಕ್ಕೆ ಸರಿಯುತ್ತಿರುವ ಬಯಲು.

ಆಮೇಲೆ ಮಾಫಟ್ ಸುರಂಗ: 6.2 ಮೈಲಿ ಉದ್ದ, 1928ರಲ್ಲಿ ಓಡಾಟಕ್ಕೆ ತೆರೆದದ್ದು. ಒಳಗೆ ಹೋಗುವ ಮೊದಲು ಧ್ವನಿವರ್ಧಕದಲ್ಲಿ ಹೇಳುತ್ತಾರೆ: ಹೊರಬರುವವರೆಗೆ ಒಂದು ಬೋಗಿಯಿಂದ ಇನ್ನೊಂದಕ್ಕೆ ಹೋಗಬೇಡಿ. ಬಾಗಿಲು ತೆರೆದರೆ ಡೀಸೆಲ್ ಹೊಗೆ ಒಳನುಗ್ಗುತ್ತದೆ, ಹತ್ತು ನಿಮಿಷ ಅದಕ್ಕೆ ಹೊರದಾರಿ ಇಲ್ಲ. ಒಂದು ಮಗು ಬಾಗಿಲಿನ ಗುಂಡಿ ಒತ್ತಿತು. ಎರಡೇ ಕ್ಷಣ, ಆ ಕೊನೆಯ ನಾಲ್ಕು ಸೀಟಿನವರು ಪೂರ್ತಿ ಸುರಂಗ ಮುಗಿಯುವವರೆಗೆ ಮೂಗಿಗೆ ಬಟ್ಟೆ ಹಿಡಿದರು. ಸುರಂಗದ ನಡುವೆ ಗಾಡಿ ಸಮುದ್ರಮಟ್ಟದಿಂದ 9,239 ಅಡಿ ಎತ್ತರದಲ್ಲಿರುತ್ತದೆ. ಈ ಕಡೆ ಬಿದ್ದ ಮಳೆ ಅಟ್ಲಾಂಟಿಕ್ ಕಡೆಗೆ, ಆ ಕಡೆ ಬಿದ್ದದ್ದು ಪೆಸಿಫಿಕ್ ಕಡೆಗೆ. ಆಚೆ ಫ್ರೇಸರ್‌ನಲ್ಲಿ ಬಾಗಿಲು ತೆರೆದಾಗ ಆಗಸ್ಟ್‌ನಲ್ಲೂ ತಣ್ಣನೆ ಗಾಳಿ. ಇಷ್ಟು ಎತ್ತರದಲ್ಲಿ ತಲೆ ಭಾರವಾಗುವುದು ಸಾಮಾನ್ಯ. ನೀರು ಕುಡಿಯುತ್ತಲೇ ಇರಬೇಕು.

ಗ್ರ್ಯಾನ್‌ಬಿ ಹತ್ತಿರ ಕೊಲರಾಡೊ ನದಿ ಜೊತೆಗೂಡಿತು. ಅಲ್ಲಿ ಅದು ಹಾರಿ ದಾಟಬಹುದೇನೋ ಎನಿಸುವ ಹೊಳೆ. ಮುಂದಿನ 238 ಮೈಲಿ ಅದು ಗಾಡಿಯನ್ನು ಬಿಡಲಿಲ್ಲ. ಗೋರ್ ಕಮರಿಯಲ್ಲಿ ರಸ್ತೆಯೂ ಇಲ್ಲ, ಬಂಡೆಗೋಡೆ, ಬಿಳಿ ನೊರೆ, ಹಳಿ, ಅಷ್ಟೆ. ಮೊಬೈಲ್ ಸಿಗ್ನಲ್ ಬೆಳಗ್ಗೆಯೇ ಹೋಗಿತ್ತು. ನಕ್ಷೆ ಬೇಕಾದವರು ಮೊದಲೇ ಇಳಿಸಿಟ್ಟುಕೊಂಡಿರಬೇಕು, ಗಾಡಿಯಲ್ಲಿ ವೈಫೈ ಇಲ್ಲ. ಗ್ಲೆನ್‌ವುಡ್ ಕಮರಿಯಲ್ಲಿ ನದಿ ಬಲಗಡೆ, ಅದರಾಚೆ ಕಂಬಗಳ ಮೇಲೆ ತೂಗಿದಂತೆ ಹೆದ್ದಾರಿ. 1944ರಲ್ಲಿ ಜನರಲ್ ಮೋಟರ್ಸ್‌ನ ಸೈರಸ್ ಆಸ್ಬರ್ನ್ ಇದೇ ಕಮರಿಯಲ್ಲಿ ಎಂಜಿನ್ನಿನೊಳಗೆ ಕೂತು ಹೋಗುವಾಗ, ಡ್ರೈವರಿಗೆ ಕಾಣುವುದು ಪ್ರಯಾಣಿಕರಿಗೂ ಕಾಣಬೇಕು ಎಂದುಕೊಂಡರು. ಬೋಗಿಯ ಮೇಲೆ ಗಾಜಿನ ಗುಮ್ಮಟ ಬಂದದ್ದು ಹಾಗೆ. 1949ರ ಮಾರ್ಚ್‌ನಲ್ಲಿ ಹೊರಟ ಮೊದಲ ಕ್ಯಾಲಿಫೋರ್ನಿಯಾ ಜೆಫಿರ್ ಅಂಥ ಗುಮ್ಮಟಗಳಿಗೇ ಹೆಸರಾಗಿತ್ತು.

ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಸಂಜೆ ನಾಲ್ಕಕ್ಕೆ ಇಳಿದರೆ ಒಲೆಯ ಬಾಯಿ ತೆರೆದಂತೆ ಬಿಸಿ. ಹತ್ತಿರದ ಪ್ಯಾಲಿಸೇಡ್ ಪೀಚ್ ಹಣ್ಣಿಗೆ ಹೆಸರುವಾಸಿ, ಆಗಸ್ಟ್ ಅದರ ಕಾಲ. ಒಬ್ಬ ಹೆಂಗಸು ಕಾಗದದ ಚೀಲದಲ್ಲಿ ತಂದ ಹಣ್ಣನ್ನು ಗಾಜಿನ ಬೋಗಿಯಲ್ಲಿ ಕೂತವರಿಗೆಲ್ಲ ಹಂಚಿದಳು. ತಿನ್ನುವಾಗ ಮುಂದಕ್ಕೆ ಬಾಗಿ ತಿನ್ನಿ ಎಂದಳು. ರಸ ಮೊಣಕೈವರೆಗೆ ಇಳಿಯಿತು. ಇಂಥ ನಿಲ್ದಾಣಗಳಲ್ಲಿ ಇಳಿದವರು ತಮ್ಮ ಬೋಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು. ಗಾಡಿ ತಡವಾಗಿದ್ದರೆ ನಿಲುಗಡೆಯನ್ನು ಮೊಟಕು ಮಾಡುತ್ತಾರೆ. ಎರಡು ಸಲ ಹಾರ್ನ್ ಆದರೆ ಹೊರಟಿತೆಂದೇ ಲೆಕ್ಕ.

ಯೂಟಾದ ಗಡಿ ದಾಟಿದ ಮೇಲೆ ಗಾಡಿ ಮರುಭೂಮಿಯ ಒಂದು ಲೂಪ್ ಲೈನಿನಲ್ಲಿ ನಿಂತಿತು. ಒಂದು ಗಂಟೆ ನಲವತ್ತು ನಿಮಿಷ. ಈ ದಾರಿಯಲ್ಲಿ ಇದು ವಿಶೇಷವೇನಲ್ಲ, ಯಾಕೆ ಹೀಗಾಗುತ್ತದೆಂದು ತಿಳಿದಿರುವುದು ಒಳ್ಳೆಯದು. ಹಳಿ ಪ್ರಯಾಣಿಕರ ಗಾಡಿಯವರದ್ದಲ್ಲ, ಗೂಡ್ಸ್ ಕಂಪನಿಗಳದ್ದು. ಪ್ರಯಾಣಿಕರ ಗಾಡಿಗೆ ಮೊದಲ ದಾರಿ ಎಂದು 1973ರಿಂದ ಕಾನೂನೇ ಇದೆ. ಆದರೆ ಒಂಟಿ ಹಳಿಯಲ್ಲಿ ಎದುರಿನಿಂದ ಬರುವ ಗೂಡ್ಸ್ ಎರಡು ಮೈಲಿ ಉದ್ದವಿದ್ದು ಲೂಪ್ ಲೈನ್ ಅದಕ್ಕಿಂತ ಗಿಡ್ಡವಿದ್ದರೆ, ಪಕ್ಕಕ್ಕೆ ಸರಿಯಲು ಆಗುವುದು ಚಿಕ್ಕ ಗಾಡಿಗೆ ಮಾತ್ರ. ಇದರ ಮೇಲೆ ಬಿಸಿಲು. ಬೆಸುಗೆ ಹಾಕಿದ ಉದ್ದನೆಯ ಹಳಿ ಕಾದು ಹಿಗ್ಗಿದರೆ ಪಕ್ಕಕ್ಕೆ ಸೊಟ್ಟಗಾಗುವ ಅಪಾಯ, ಹಾಗಾಗಿ ಮಧ್ಯಾಹ್ನ ವೇಗ ಕಡಿಮೆ ಮಾಡಲು ಆಜ್ಞೆ ಬರುತ್ತದೆ. ತಡ ಹೆಚ್ಚಾದಂತೆ ಇನ್ನೊಂದು ತೊಡಕು: ಗಾಡಿ ಓಡಿಸುವವರು 12 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಅವಧಿ ಮುಗಿದರೆ ಎಲ್ಲಿದ್ದರೂ ನಿಲ್ಲಿಸಿ ಬದಲಿಯವರಿಗೆ ಕಾಯಬೇಕು. ಹೀಗೆ ಒಂದು ಗಂಟೆಯ ತಡ ಮೂರಾಗುತ್ತದೆ. ಅದಕ್ಕೇ ತಲುಪುವ ದಿನವೇ ಮುಂದಿನ ವಿಮಾನ ಹಿಡಿಯುವ ಯೋಜನೆ ಬೇಡ, ಒಂದು ರಾತ್ರಿ ಮಧ್ಯೆ ಇರಲಿ. ವಲಸಿಗರ ಗಾಡಿಯನ್ನೂ ಮಿಕ್ಕೆಲ್ಲ ಗಾಡಿಗಳಿಗಾಗಿ ಹೀಗೇ ಪಕ್ಕಕ್ಕೆ ತಳ್ಳುತ್ತಿದ್ದರು, ಯಾವಾಗ ಹೊರಡುತ್ತದೆಂದು ಯಾರೂ ಹೇಳುತ್ತಿರಲಿಲ್ಲ. ಈಗ ಹೇಳುತ್ತಾರೆ.

ಆ ನಿಂತ ಹೊತ್ತಿನಲ್ಲೇ ಯೂಟಾ ನೋಡಲು ಸಿಕ್ಕಿದ್ದು. ಓಡುವಾಗ ಬರಿಯ ಬೂದು ಬಯಲೆನಿಸಿದ್ದರಲ್ಲಿ ಪದರ ಪದರವಾಗಿ ಬಣ್ಣ: ಕಾವಿ, ನಸುನೇರಳೆ, ಹಳದಿ. ಸೂರ್ಯ ಇಳಿದಂತೆ ದೂರದ ಗೋಡೆಯಂಥ ಬೆಟ್ಟಸಾಲು ಕೆಂಪಾಗಿ, ಆಮೇಲೆ ನೀಲಿಯಾಯಿತು. ಗೂಡ್ಸ್ ಬಂದು ಹೋಗಲು ಮೂರು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಕಂಟೇನರ್ ಮೇಲೆ ಕಂಟೇನರ್.

ಕತ್ತಲಾದ ಮೇಲೆ ಹೆಲ್ಪರ್. ಊರಿನ ಹೆಸರೇ ಅದು. ಮುಂದಿನ ಏರಿಗೆ ಗಾಡಿಯನ್ನು ತಳ್ಳಲು ಇಲ್ಲಿ ಹೆಚ್ಚುವರಿ ಎಂಜಿನ್ ಜೋಡಿಸುತ್ತಿದ್ದರು. ಕ್ಯಾಸಲ್‌ರಾಕ್ ಘಾಟಿಯಲ್ಲಿ ನಾವು ಬ್ಯಾಂಕರ್ ಅನ್ನುವುದನ್ನು ಅವರು ಹೆಲ್ಪರ್ ಅಂದರು, ಊರಿಗೆ ಅದೇ ಉಳಿಯಿತು. ಸಾಲ್ಟ್ ಲೇಕ್ ಸಿಟಿ ಬಂದಾಗ ಮಧ್ಯರಾತ್ರಿ ಕಳೆದು ಬಹಳ ಹೊತ್ತಾಗಿತ್ತು.

ಮೂರನೇ ದಿನ: ನೆವಾಡಾ, ಸಿಯೆರಾ, ಕೊಲ್ಲಿ

ಬೆಳಗಾದಾಗ ಹಂಬೋಲ್ಟ್ ನದಿಯ ಬಯಲು. ಸ್ಟೀವನ್‌ಸನ್‌ನ ದಾರಿ ಮತ್ತೆ ಕೂಡಿಕೊಂಡಿರುವುದು ಇಲ್ಲಿ. ಬೂದುಹಸಿರು ಪೊದೆ, ಉಪ್ಪು ಬೆಳ್ಳಗೆ ಮೂಡಿದ ನೆಲ, ಮರವೆಂಬುದಿಲ್ಲ. ಮುಖ ತೊಳೆಯಲು ಆತ ಇಬ್ಬರು ಸಹಪ್ರಯಾಣಿಕರೊಂದಿಗೆ ಸೇರಿ ಒಂದು ತಗಡಿನ ತಟ್ಟೆ, ಟವೆಲು, ಸೋಪು ಕೊಂಡಿದ್ದ. ಬೋಗಿಯ ಹೊರ ಮೆಟ್ಟಿಲಿನ ಬಳಿ ಮಂಡಿಯೂರಿ, ಒಂದು ಕೈಯಲ್ಲಿ ಕಂಬಿ ಹಿಡಿದು ತೊಳೆಯಬೇಕಿತ್ತು.

ತನ್ನ ಜೊತೆಗಿನ ಬಿಳಿಯರು ಚೀನೀಯರನ್ನು ಕೊಳಕರೆಂದು ಹೀಗಳೆಯುತ್ತಿದ್ದುದು ಆತನಿಗೆ ಸಹಿಸಲಿಲ್ಲ. ದಿನಾ ಕೈಕಾಲು ತೊಳೆದು ಎಲ್ಲರಿಗಿಂತ ಚೊಕ್ಕಟವಾಗಿದ್ದವರು ಅವರೇ ಎಂದು ಬರೆದ. ಅಷ್ಟಕ್ಕೂ ಆ ಗಾಡಿ ಓಡುತ್ತಿದ್ದ ಹಳಿಯನ್ನು ಹಾಸಿದವರು ಯಾರು? ರೀನೊ ದಾಟಿ ಟ್ರಕೀ ನದಿಯ ಜೊತೆ ಸಿಯೆರಾ ಹತ್ತುವಾಗ ಉತ್ತರ ಎದುರಿಗೇ ಬರುತ್ತದೆ. ಬಲಗಡೆ ಕೆಳಗೆ ಡಾನರ್ ಸರೋವರ. ಅದರ ನೆತ್ತಿಯಲ್ಲಿ ಗ್ರಾನೈಟ್ ಕೊರೆದ 1,659 ಅಡಿಯ ಹಳೆಯ ಸುರಂಗ. ಎರಡು ಕಡೆಯಿಂದ ಕೊರೆದರೆ ವರ್ಷಗಳೇ ಬೇಕೆಂದು ನಡುವೆ ಒಂದು ಬಾವಿ ಇಳಿಸಿ, ಅದರೊಳಗಿನಿಂದ ಎರಡೂ ದಿಕ್ಕಿಗೆ ಕೊರೆದರು. ಹಾಗೆ ಒಟ್ಟು ನಾಲ್ಕು ಕಡೆ ಏಕಕಾಲಕ್ಕೆ ಕೆಲಸ. ಕೈಯಲ್ಲಿ ಉಳಿ ಸುತ್ತಿಗೆ, ನೈಟ್ರೊಗ್ಲಿಸರಿನ್, ಹಿಮದಡಿಯಲ್ಲಿ ತೋಡಿದ ದಾರಿಯಲ್ಲಿ ಓಡಾಟ. 1867ರಲ್ಲಿ ಅದನ್ನು ಮುಗಿಸಿದವರು ಸಾವಿರಾರು ಚೀನೀ ಕೂಲಿಗಳು. 1869ರ ಮೇ 10ರಂದು ಎರಡು ದಿಕ್ಕಿನ ಹಳಿ ಕೂಡಿತು. 1882ರಲ್ಲಿ ಚೀನೀ ಕೂಲಿಗಳು ದೇಶಕ್ಕೇ ಬರಕೂಡದೆಂದು ಕಾನೂನಾಯಿತು. 1993ರಿಂದ ಗಾಡಿಗಳು ಆ ಹಳೆಯ ಸುರಂಗ ಬಿಟ್ಟು, ಹತ್ತಿರದ ಎರಡು ಮೈಲಿ ಉದ್ದದ ಇನ್ನೊಂದು ಸುರಂಗದಲ್ಲಿ ಹೋಗುತ್ತವೆ. ಟ್ರಕೀಯಲ್ಲಿ ಇಳಿದು ಕಾರಿನಲ್ಲಿ ಹೋದರೆ ಹಳೆಯದರ ಹತ್ತಿರಕ್ಕೇ ಹೋಗಬಹುದು. ಪಕ್ಕದಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಆಸರೆ ಗೋಡೆ ಇನ್ನೂ ನಿಂತಿದೆ.

ಸುರಂಗ ದಾಟಿದ ಮೇಲೆ ಎಡಗಡೆ ಕೂರಬೇಕು. ಅಮೆರಿಕನ್ ನದಿಯ ಕಮರಿ ಎಷ್ಟು ಆಳವೆಂದರೆ ತಳದ ನೀರು ಕೆಲವು ಕಡೆ ಒಂದು ಗೆರೆ ಮಾತ್ರ. ಬ್ಲೂ ಕ್ಯಾನ್ಯನ್ ಹತ್ತಿರ ಸ್ಟೀವನ್‌ಸನ್ ಎಚ್ಚರಗೊಂಡದ್ದು ಹಿಮದಿಂದ ಹಳಿ ಕಾಯಲು ಕಟ್ಟಿದ ಮರದ ಮಾಡಿನ ಕತ್ತಲೆಯಲ್ಲಿ. ಮಾಡು ಮುಗಿದು ಬೆಳಕಿಗೆ ಬಂದಾಗ ಪೈನ್ ಕಾಡು, ನೊರೆಯ ಹೊಳೆ, ಮುಂಜಾವಿನ ಬಣ್ಣ. ಮರಳುಗಾಡಿನ ದಿನಗಳ ನಂತರ ಮನೆಗೆ ಬಂದಂತಾಯಿತು ಆತನಿಗೆ. ಈಗ ಆ ಮಾಡುಗಳು ಬಹುಪಾಲು ಹೋಗಿವೆ. ಪೈನ್ ವಾಸನೆ ಮಾತ್ರ, ಕಾಲ್ಫ್ಯಾಕ್ಸ್‌ನಲ್ಲಿ ಬಾಗಿಲು ತೆರೆದ ಕೂಡಲೆ, ಬಿಸಿಲಿಗೆ ಕಾದ ರಾಳದ ವಾಸನೆಯೊಂದಿಗೆ ಒಳಗೆ ಬಂತು.

ಸ್ಯಾಕ್ರಮೆಂಟೊ ತಲುಪಿದ್ದು ಎರಡು ಗಂಟೆ ತಡವಾಗಿ. ಈ ದಾರಿಯ ಕೆಲಸಕ್ಕೆ 1863ರ ಜನವರಿ 8ರಂದು ಗುದ್ದಲಿ ಬಿದ್ದ ಊರು. ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ರಾಜ್ಯ ರೈಲು ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಮೀಸಲಿಡುವುದಾದರೆ ಇಲ್ಲೇ ಇಳಿಯುವುದು ಸರಿ. ಮಾರ್ಟಿನೆಜ್ ಆದ ಮೇಲೆ ಬಹಳ ದೂರ ಬಲಗಡೆ ನೀರು. ಅಲ್ಲಿ ಹಳಿ ದಡದ ಅಂಚಿನಲ್ಲೇ ಇದೆ. ಗಾಳ ಹಾಕಿ ಕೂತವರ ಬುಟ್ಟಿಯಲ್ಲಿರುವುದೂ ಕಾಣುತ್ತದೆ.

ಎಮರಿವಿಲ್‌ಗೆ ಗಾಡಿ ಮುಗಿಯುತ್ತದೆ. ಕೊಲ್ಲಿಯ ಆಚೆಗೆ ಹಳಿಯಿಲ್ಲ. ಸ್ಯಾನ್ ಫ್ರಾನ್ಸಿಸ್ಕೊಗೆ ಟಿಕೆಟ್ ತೆಗೆದವರಿಗೆ ಬಸ್ ಕಾದಿರುತ್ತದೆ, ಸೇತುವೆಯ ಮೇಲೆ ಕರೆದೊಯ್ಯುತ್ತದೆ. 1879ರ ಆಗಸ್ಟ್ 30ರಂದು ಸ್ಟೀವನ್‌ಸನ್ ದಾಟಿದ್ದು ದೋಣಿಯಲ್ಲಿ, ಓಕ್‌ಲೆಂಡ್‌ನಿಂದ, ಬೆಳಕು ಹರಿಯುವಾಗ. ಹಾಗೇ ದಾಟಬೇಕೆನಿಸಿದರೆ ಬಸ್ ಬಿಟ್ಟು, ಅದೇ ಪ್ಲಾಟ್‌ಫಾರ್ಮಿಗೆ ಬರುವ ಲೋಕಲ್ ಗಾಡಿಯಲ್ಲಿ ಹತ್ತು ನಿಮಿಷ ಹೋಗಿ ಓಕ್‌ಲೆಂಡ್‌ನ ಜ್ಯಾಕ್ ಲಂಡನ್ ಸ್ಕ್ವೇರ್‌ನಲ್ಲಿ ಇಳಿಯಬಹುದು. ಸ್ಟೇಷನ್ನಿನಿಂದ ದೋಣಿಕಟ್ಟೆಗೆ ನಡಿಗೆಯ ದೂರ. ಸಂಜೆಯ ದೋಣಿಯ ಮೇಲಂತಸ್ತಿನಲ್ಲಿ ಗಾಳಿ ಎಷ್ಟಿತ್ತೆಂದರೆ ಗಾಡಿಯ ಎ.ಸಿ.ಗೆಂದು ತಂದ ಶಾಲನ್ನು ಅಲ್ಲೇ ಮತ್ತೆ ಹೊದೆಯಬೇಕಾಯಿತು. ಎದುರು ದಡದ ಗಡಿಯಾರದ ಗೋಪುರ ದೊಡ್ಡದಾಗುತ್ತ ಬಂತು, ಅದರ ಹಿಂದಿನ ಬೆಟ್ಟಗಳ ಮೇಲಿಂದ ಮಂಜು ಇಳಿಯುತ್ತಿತ್ತು.